ಎತ್ತಿದ ಭಂಡಾರ

ಔರಂಗಾಬಾದಿನ ಗುಲ್‌ಮಂಡಿಯ ಹಿಂದಿನ ಗಲ್ಲಿಯಲ್ಲಿ ಮನ್ಮಥಪ್ಪನದು ಪೂಜಾ ಸಾಮಾನಿನ ಅಂಗಡಿ. ವಿಭೂತಿ, ಕುಂಕುಮ, ಕರ್ಪೂರ, ಊದುಬತ್ತಿ, ಶಿವದಾರ, ಜನಿವಾರ, ಯಾವ ದೇವರಿಗೆ ಏನು ಬೇಕೋ ಅದು ಅಲ್ಲಿ ಸಿಗುತ್ತಿತ್ತು. ದೇವರೊಬ್ಬನನ್ನು ಬಿಟ್ಟು ಎಲ್ಲ ಇದೆ ಎಂದು ಗಲ್ಲಿಯವರು ಚೇಷ್ಟೆ ಮಾಡಿದರೆ ಮನ್ಮಥಪ್ಪ ನಗುತ್ತಿರಲಿಲ್ಲ. ಅವನು ನಗುವವರ ಪೈಕಿಯೇ ಅಲ್ಲ. ಭಾಲ್ಕಿಯ ಕಡೆಯಿಂದ ನಿಜಾಮನ ಕಾಲದಲ್ಲೇ ಬಂದು ನೆಲೆನಿಂತ ಮನೆತನ. ಮನೆಯಲ್ಲಿ ಬೀದರಿನ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಹಿಂದಿ. ಮಾತು ಕಡಿಮೆ, ಆಡಿದರೆ ಮಾತ್ರ ಹಿಂದೆಗೆಯುವವನಲ್ಲ. ಅದೇ ಅವನ ಆಸ್ತಿ, ಅದೇ ಅವನ ಸೊಕ್ಕು.

ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದದ್ದು ಭಂಡಾರ, ಅಂದರೆ ಖಂಡೋಬನ ಅರಿಸಿನದ ಪುಡಿ. ಭಾಲ್ಕಿಯವರಿಗೆ ಅದೇ ದೇವರು ಮೈಲಾರ ಮಲ್ಲಣ್ಣ. ಆ ಸೀಮೆಯಲ್ಲಿ ಕೋರ್ಟಿಗಿಂತ ದೊಡ್ಡದು ಬೇಲ್‌ಭಂಡಾರ. ಅಂಗೈಯಲ್ಲಿ ಒಂದು ಬಿಲ್ವದೆಲೆ, ಅದರ ಮೇಲೆ ಚಿಟಿಕೆ ಭಂಡಾರ. ಅದನ್ನು ಎತ್ತಿ ಹಿಡಿದು ಆಡಿದ ಮಾತನ್ನು ಮುರಿದವನ ಮುಖವನ್ನು ಬೆಳಿಗ್ಗೆ ಯಾರೂ ನೋಡಬಯಸುತ್ತಿರಲಿಲ್ಲ. ಹೊಲದ ಗಡಿ, ಅಣ್ಣತಮ್ಮಂದಿರ ಪಾಲು, ಕಳವಿನ ಅನುಮಾನ, ಎಲ್ಲ ಅದರಿಂದಲೇ ತೀರುತ್ತಿತ್ತು. ಎತ್ತಿದವನಿಗೆ ಬಿಡುಗಡೆ ಬೇಕಾದರೆ ಒಂದೇ ದಾರಿ: ಯಾರ ಎದುರು ಎತ್ತಿದನೋ ಅವರೇ ಅವನ ಕೈಯಿಂದ ಅದನ್ನು ಇಳಿಸಿಕೊಳ್ಳಬೇಕು. ಬೇರೆ ಯಾರು ಇಳಿಸಿದರೂ ಅದು ಇಳಿದಂತಲ್ಲ. ಮನ್ಮಥಪ್ಪ ಅದನ್ನು ಮಾರುತ್ತಿದ್ದನೇ ಹೊರತು ತಾನು ಒಮ್ಮೆಯೂ ಎತ್ತಿರಲಿಲ್ಲ. ಆ ಪ್ರಸಂಗ ಬಂದದ್ದು ಎಪ್ಪತ್ತೆಂಟನೇ ಇಸವಿಯ ವಿಧಾನಸಭೆ ಚುನಾವಣೆಯಲ್ಲಿ.

ಅಂಗಡಿಯ ಎದುರಿಗೇ ಒಂದು ಹಳೆಯ ವಾಡೆ. ಅದರ ಮುಂಭಾಗದ ಎರಡು ಕೋಣೆಗಳಲ್ಲಿ ರುಕ್ಮಿಣಿಬಾಯಿ ಇದ್ದಳು. ಮನ್ಮಥಪ್ಪನ ಊರಿನ ಕಡೆಯವಳೇ, ಅವನಿಗಿಂತ ಹಿರಿಯಳು, ಗಂಡ ಇಲ್ಲ. ಇದ್ದ ಒಬ್ಬ ಮಗ ರೇವಣಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಶಿಪಾಯಿಯಾಗಿದ್ದ. ತುರ್ತುಪರಿಸ್ಥಿತಿಯ ಕಾಲದಲ್ಲಿ ಪ್ರತಿ ಕಚೇರಿಯಿಂದ ಇಷ್ಟು ಜನ ಮಕ್ಕಳಾಗದ ಆಪರೇಷನ್‌ಗೆ ಬರಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಹೊರಗಿನಿಂದ ಒಬ್ಬನನ್ನು ಹಿಡಿದು ತರುವ ತಾಕತ್ತು ರೇವಣಪ್ಪನಿಗಿರಲಿಲ್ಲ. ಹಾಗಾಗಿ ಅವನನ್ನೇ ಮಲಗಿಸಿದರು. ಮದುವೆಯಾಗದ ಹುಡುಗ. ಊರ ಹೊರಗಿನ ಡೇರೆಯಲ್ಲಿ, ಆಳುವ ಪಕ್ಷದ ಜಿಲ್ಲೆಯ ದೊಡ್ಡ ಪುಢಾರಿ ನಾನಾಸಾಹೇಬರು ತಾವೇ ನಿಂತು ಎಲ್ಲರಿಗೂ ಒಂದೊಂದು ವನಸ್ಪತಿ ಡಬ್ಬಿ ಕೊಟ್ಟು ಫೋಟೋ ತೆಗೆಸಿಕೊಂಡರು. ಗಾಯ ಕೀವಾಗಿ, ಜ್ವರ ನೆತ್ತಿಗೇರಿ, ವಾರದೊಳಗೆ ರೇವಣಪ್ಪ ತೀರಿಕೊಂಡ. ಆ ಡಬ್ಬಿಯನ್ನು ರುಕ್ಮಿಣಿಬಾಯಿ ತೆರೆಯಲೂ ಇಲ್ಲ, ಎಸೆಯಲೂ ಇಲ್ಲ. ಬಾಗಿಲ ಹಿಂದೆ ಇಟ್ಟುಕೊಂಡು ಕೂತಳು.

ಅವಳ ಪರವಾಗಿ ಕೋರ್ಟಿಗೆ ಹೋದವರು ಒಬ್ಬರೇ, ಊರೆಲ್ಲ ವಕೀಲ್‌ಸಾಹೇಬ ಎಂದು ಕರೆಯುತ್ತಿದ್ದ ಮನುಷ್ಯ. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡು ಬಂದವರು. ಬಿಡಿಗಾಸು ಮುಟ್ಟದೆ ರೇವಣಪ್ಪನ ಸಾವಿನ ಖಟ್ಲೆ ಹಿಡಿದರು. ಕೋರ್ಟಿನ ಕೆಲಸ ಗೊತ್ತಲ್ಲ, ತಾರೀಖಿನ ಮೇಲೆ ತಾರೀಖು. ಅಷ್ಟರಲ್ಲಿ ಚುನಾವಣೆ ಬಂತು. ಹಿಂದಿನ ಸರ್ಕಾರ ನಡೆಸಿದ್ದ ಹಳೆಯ ಪಕ್ಷ ಎರಡು ಹೋಳಾಗಿ, ಹೋಳುಗಳೆರಡೂ ಒಂದನ್ನೊಂದು ಬೈಯುತ್ತ ಕಣಕ್ಕಿಳಿದವು. ಅವೆರಡರ ಎದುರು ಹೊಸ ಪಕ್ಷ. ವಕೀಲ್‌ಸಾಹೇಬರು ಯಾರ ಟಿಕೆಟ್ಟೂ ಬೇಡವೆಂದು ಪಕ್ಷೇತರರಾಗಿ ನಿಂತರು. ಗುರುತು ತಕ್ಕಡಿ.

ಮನ್ಮಥಪ್ಪ ಜನ್ಮದಲ್ಲಿ ಮೊದಲ ಸಲ ಅಂಗಡಿಯ ಗಲ್ಲೆಪೆಟ್ಟಿಗೆ ಬಿಟ್ಟು ಪ್ರಚಾರಕ್ಕೆ ಇಳಿದ. ಎದುರು ಪಾರ್ಟಿಯವರು ಮನೆಮನೆಗೆ ಸೀರೆ ಹಂಚುತ್ತಿದ್ದಾರೆ, ನಮ್ಮ ಕೈಯಲ್ಲಿ ಬೇಲ್‌ಭಂಡಾರ ಬಿಟ್ಟರೆ ಏನಿದೆ ಎಂದು ವಕೀಲ್‌ಸಾಹೇಬರ ಕಾರ್ಯಕರ್ತರು ಅಂದರು. ಸರಿ, ಮನ್ಮಥಪ್ಪ ತನ್ನದೇ ಅಂಗಡಿಯ ಭಂಡಾರವನ್ನು ಹಿತ್ತಾಳೆ ತಟ್ಟೆಯಲ್ಲಿ ಹಾಕಿಕೊಂಡು ಗಲ್ಲಿಯ ಕನ್ನಡದ ಮನೆಗಳನ್ನೆಲ್ಲ ಹತ್ತಿಳಿದ. ಎಲ್ಲರೂ ಎತ್ತಿದರು. ಮನ್ಮಥಪ್ಪ ತಂದ ತಟ್ಟೆ ಎಂದೇ ಎತ್ತಿದರು.

ರುಕ್ಮಿಣಿಬಾಯಿ ಮಾತ್ರ ಕೈ ಚಾಚಲಿಲ್ಲ.

"ನಾ ಮತಾ ಹಾಕಾದು ಬಿಟ್ಟೀನಿ ತಮ್ಮಾ," ಅಂದಳು. "ಹಾಕಿ ಆರಿಸಿದವರೇ ನನ್ನ ಮಗನ್ನ ತಿಂದ್ರು."

"ಅಕ್ಕಾ, ಇವರು ಬ್ಯಾರೆ ಮನಷ್ಯಾ ಅದಾರ. ನಿಮ್ಮ ಖಟ್ಲೆ ಹಿಡದವರು."

"ಬ್ಯಾರೆ ಅದಾನಂತ ನಿನಗ ಹ್ಯಾಂಗ ಗೊತ್ತು? ಮುಂಬಯಿಗ ಹೋದಮ್ಯಾಲ ಆ ನಾನಾಸಾಹೇಬನ ಪಂಕ್ತಿದಾಗ ಕೂತು ಉಣ್ಣಂಗಿಲ್ಲಂತ ಯಾರು ಹೇಳ್ಯಾರ?"

"ನಾ ಹೇಳ್ತೀನಿ."

"ಹಂಗಾದ್ರ ಮೊದಲ ನೀ ಎತ್ತು," ಅಂದಳು ರುಕ್ಮಿಣಿಬಾಯಿ. "ನೀ ಎತ್ತಿದ್ರ ನಾನೂ ಎತ್ತತೀನಿ."

ಇಲ್ಲಿ ಮನ್ಮಥಪ್ಪ ಒಂದು ಗಳಿಗೆ ತಡೆಯಬೇಕಿತ್ತು. ತನ್ನ ಮನಸ್ಸಿನ ಬಗ್ಗೆ ಎತ್ತಬಹುದು, ಹೆಂಡತಿಯ ಮನಸ್ಸಿನ ಬಗ್ಗೆ ಎತ್ತುವುದೇ ಕಷ್ಟ, ಇನ್ನು ಪರರ ಮನಸ್ಸಿನ ಬಗ್ಗೆ ಯಾವ ಬುದ್ಧಿವಂತ ಎತ್ತುತ್ತಾನೆ? ಆದರೆ ಅವನ ಸೊಕ್ಕು ಅವನನ್ನು ತಡೆಯಲು ಬಿಡಲಿಲ್ಲ. ಬಿಲ್ವದೆಲೆಯನ್ನು ಬಲ ಅಂಗೈಯಲ್ಲಿಟ್ಟು, ಮೇಲೆ ಭಂಡಾರ ಉದುರಿಸಿ, ಕೈ ಹಣೆಮಟ್ಟ ಎತ್ತಿದ. "ವಕೀಲ್‌ಸಾಹೇಬರು ಅವರ ಪಂಕ್ತಿದಾಗ ಕೂಡಂಗಿಲ್ಲ. ಕೂತ್ರ ನಾ ಸುಳ್ಳ," ಅಂದ. ಅವನ ಹಿಂದೆ ಬಂದಿದ್ದ ಹೆಂಡತಿ ಸಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರುಕ್ಮಿಣಿಬಾಯಿ ಅವನ ಮುಖವನ್ನೇ ನೋಡಿ, ತಾನೂ ಎತ್ತಿದಳು. ತಕ್ಕಡಿಯ ಮೇಲೆಯೇ ಶಿಕ್ಕಾ ಹೊಡೆಯುತ್ತೇನೆ ಎಂದಳು. ಮತದಾನದ ದಿನ ಸಂಗಮ್ಮನ ಕೈ ಹಿಡಿದುಕೊಂಡು ಹೋಗಿ ಹೊಡೆದೂ ಬಂದಳು. ಮಗ ಹೋದಮೇಲೆ ಅವಳು ಹೊಸ್ತಿಲು ದಾಟಿ ಗಲ್ಲಿಯ ಕೊನೆಯವರೆಗೆ ಹೋದದ್ದು ಅದೇ ಮೊದಲು.

ವಕೀಲ್‌ಸಾಹೇಬರು ಗೆದ್ದರು. ಗಲ್ಲಿಯಲ್ಲಿ ಪಟಾಕಿ ಹಾರಿತು. ಆದರೆ ಮುಂಬಯಿಯ ಲೆಕ್ಕ ಬೇರೆಯೇ ಆಗಿತ್ತು. ಹೊಸ ಪಕ್ಷಕ್ಕೆ ಎಲ್ಲರಿಗಿಂತ ಹೆಚ್ಚು ಸೀಟು ಬಂದಿದ್ದರೂ ಬಹುಮತ ಬರಲಿಲ್ಲ. ನಿನ್ನೆಯವರೆಗೆ ಬೈದಾಡುತ್ತಿದ್ದ ಹಳೆಯ ಪಕ್ಷದ ಎರಡು ಹೋಳುಗಳು ಕುರ್ಚಿ ಕಂಡ ಕೂಡಲೇ ಅಣ್ಣತಮ್ಮಂದಿರಾದವು. ಅವರಿಗೂ ನಾಲ್ಕಾರು ಜನ ಕಡಿಮೆ ಬೀಳುತ್ತಿದ್ದರು. ಆಗ ಶುರುವಾಯಿತು ನೋಡಿ ಪಕ್ಷೇತರರಿಗೆ ಮರ್ಯಾದೆ. ಮಾತು ಹಬ್ಬಿದ ಮರುದಿನವೇ ವಕೀಲ್‌ಸಾಹೇಬರ ಮನೆಗೆ ಬೀಗ ಬಿದ್ದಿತ್ತು. ನಾಸಿಕದ ಆಚೆ, ದಿಂಡೋರಿಯ ದಾರಿಯಲ್ಲಿ ಯಾರದೋ ದ್ರಾಕ್ಷಿ ತೋಟದ ಬಂಗಲೆಯಲ್ಲಿ ಹಳೆಯ ಪಕ್ಷದವರು ಆಮದಾರರನ್ನೆಲ್ಲ, ಅಂದರೆ ಗೆದ್ದ ಶಾಸಕರನ್ನೆಲ್ಲ, ಕೂಡಿಹಾಕಿದ್ದಾರೆ, ಅವರೊಳಗೆ ಇವರೂ ಇದ್ದಾರೆ ಎಂದು ಎಸ್‌ಟಿ ಡ್ರೈವರನೊಬ್ಬ ಸುದ್ದಿ ತಂದ.

ಶಿವರಾತ್ರಿ ಎದುರಿಗಿತ್ತು. ಪೂಜಾ ಸಾಮಾನಿನ ಅಂಗಡಿಗೆ ವರ್ಷದ ಸುಗ್ಗಿ ಅಂದರೆ ಅದೇ. ಅಂಥದರಲ್ಲಿ ಮನ್ಮಥಪ್ಪ ನಾಸಿಕಕ್ಕೆ ಹೊರಟ.

"ತಲಿ ನೆಟ್ಟಗದೋ ಇಲ್ಲೋ ನಿಮಗ?" ಅಂದಳು ಸಂಗಮ್ಮ. "ಹಬ್ಬದ ದಿನ ಅಂಗಡಿ ಬಿಟ್ಟು ಎಲ್ಲಿ ಹೊಂಟೀರಿ? ಅಕ್ಕ ನಿಮಗ ಏನರ ಅಂದಾರೇನು?"

"ಅಂದಿಲ್ಲ. ಅದಕ್ಕೇ ಹೊಂಟೀನಿ."

ಅದು ನಿಜ. ರುಕ್ಮಿಣಿಬಾಯಿ ಒಂದು ಮಾತೂ ಆಡಿರಲಿಲ್ಲ. ಸುದ್ದಿ ಕೇಳಿದಂದಿನಿಂದ ಹೊಸ್ತಿಲ ಮೇಲೆ ಕೂತು ಅಂಗಡಿಯ ಕಡೆ ನೋಡುತ್ತಿದ್ದಳು ಅಷ್ಟೇ. ಆ ನೋಟದ ಕೆಳಗೆ ತೂಕ ಮಾಡಲು ಮನ್ಮಥಪ್ಪನಿಗೆ ಸಾಧ್ಯವಾಗುತ್ತಿರಲಿಲ್ಲ. ಅವನ ಭಯ ಬಹಳ ಸರಳವಾದದ್ದು: ವಕೀಲ್‌ಸಾಹೇಬರು ಆ ಕಡೆ ಹೋದರೆ ತಾನು ಸುಳ್ಳಾಗುತ್ತೇನೆ, ಸುಳ್ಳಾದ ಕೈಯಿಂದ ಲಿಂಗವನ್ನು ಹೇಗೆ ಮುಟ್ಟಲಿ? ಉಟ್ಟ ಪಂಚೆಯ ತುದಿಯಲ್ಲಿ ಬಿಲ್ವದೆಲೆ, ಭಂಡಾರ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ. ವಕೀಲ್‌ಸಾಹೇಬರ ಕೈಯಿಂದಲೇ ಒಮ್ಮೆ ಎತ್ತಿಸಿಬಿಟ್ಟರೆ ತನ್ನ ಜೀವ ನಿರಾಳ ಎಂದು ಅವನ ಎಣಿಕೆ. ಬಸ್ಸಿನ ತುಂಬ ತ್ರ್ಯಂಬಕಕ್ಕೆ ಹೊರಟ ಜನ. ದಾರಿಯುದ್ದಕ್ಕೂ ಹರಹರ ಅನ್ನುತ್ತಿದ್ದರು, ಇವನ ಬಾಯಿಂದ ಹೊರಡಲಿಲ್ಲ.

ನಾಸಿಕದ ಸ್ಟ್ಯಾಂಡಿನ ಹತ್ತಿರ ಒಂದು ಉಡುಪಿ ಹೋಟೆಲು. ಗೋಡೆಯ ಮೇಲೆ 'ಇಲ್ಲಿ ರಾಜಕೀಯ ಚರ್ಚೆ ಮಾಡಬಾರದು' ಎಂದು ಮರಾಠಿಯಲ್ಲಿ ಬೋರ್ಡು. ಗಲ್ಲೆಯಲ್ಲಿ ಕೂತಿದ್ದ ಮಾಲೀಕ ಒಳಗಿನವರಿಗೆ ಕನ್ನಡದಲ್ಲಿ ಗದರುವುದು ಕೇಳಿ ಮನ್ಮಥಪ್ಪನಿಗೆ ಹೋದ ಜೀವ ಬಂದಂತಾಯಿತು. ಮಾಲೀಕನ ಹೆಸರು ಸದಾನಂದ, ದಕ್ಷಿಣ ಕನ್ನಡದವನು.

"ದಿಂಡೋರಿ ಹಾದಿಮ್ಯಾಲ ಆಮದಾರರು ಇಳಿದಾರಂತಲ್ರಿ, ಆ ಬಂಗಲಾ ಎಲ್ಲಿ ಬರ್ತದ?" ಎಂದು ಕೇಳಿದ.

ಸದಾನಂದ ಬೆರಳಿನಿಂದ ಬೋರ್ಡು ತೋರಿಸಿದ. ಆಮೇಲೆ ಇವನ ಹಣೆಯ ವಿಭೂತಿ, ಧೂಳು ಹಿಡಿದ ಕಾಲು ನೋಡಿ ದನಿ ತಗ್ಗಿಸಿದ. "ಎಂತ ಮಾರಾಯ್ರೆ, ಆ ಉಸಾಬರಿ ನಿಮಗೆಂತಕ್ಕೆ? ಅಲ್ಲಿ ಒಂದು ನೊಣವನ್ನೂ ಒಳಗೆ ಬಿಡುದಿಲ್ಲ. ಊಟ ಹೋಗುದು ನಮ್ಮ ಹೋಟೆಲಿಂದಲೇ. ಬಡಿಸ್ಲಿಕ್ಕೆ ಹೋಗುವ ನಮ್ಮವರಿಗೂ ಗೇಟಿನಲ್ಲಿ ತಪಾಸಣೆ ಉಂಟು."

ಮನ್ಮಥಪ್ಪ ಎಲ್ಲ ಹೇಳಿದ. ಸದಾನಂದ ಗಲ್ಲೆಯಿಂದ ಎದ್ದು ಬಂದು, "ನಮ್ಮಲ್ಲಿಯೂ ದೈವದ ಎದುರು ಮಾತು ಕೊಡುದುಂಟು," ಅಂದ. "ಆದರೆ ಇನ್ನೊಬ್ಬರದ್ದು ನಾವು ಕೊಡುದಿಲ್ಲ ಮಾರಾಯ್ರೆ. ಅದೊಂದು ತಪ್ಪಿದಿರಿ ನೀವು." ಹಾಗೆಂದವನೇ ಒಳಗೆ ಕೂಗಿ, ಬಡಿಸುವವರ ಬಿಳಿ ಟವೆಲೊಂದನ್ನು ತರಿಸಿ ಇವನ ಹೆಗಲ ಮೇಲೆ ಹಾಕಿದ. "ಮಧ್ಯಾಹ್ನದ ಗಾಡಿಯಲ್ಲಿ ಶೀನನೊಟ್ಟಿಗೆ ಹೋಗಿ. ಸಾಂಬಾರಿನ ಬಕೆಟು ಹಿಡ್ಕೊಳ್ಳಿ. ಹೆಚ್ಚು ಮಾತು ಬೇಡ. ನನ್ನ ಹೋಟೆಲು ಮುಚ್ಚಿಸಬೇಡಿ."

ಶೀನ ಎಂಬವನು ಮ್ಯಾಟಡೋರ್ ನಡೆಸಿದ. ಹಿಂದೆ ಪಾತ್ರೆಗಳ ನಡುವೆ ಮನ್ಮಥಪ್ಪ ಬಕೆಟನ್ನು ಮಂಡಿಗಳ ನಡುವೆ ಹಿಡಿದುಕೊಂಡು ಕೂತ. ಹೆಗಲ ಮೇಲೆ ಟವೆಲು, ಸೊಂಟದಲ್ಲಿ ಭಂಡಾರದ ಗಂಟು. ಬಂಗಲೆಯ ಸುತ್ತ ದ್ರಾಕ್ಷಿ ಕೊಯ್ಲಿಗೆ ಬಂದಿತ್ತು. ಹೊರಗೆ ಜೀಪುಗಳು, ವರಾಂಡದಲ್ಲಿ ಇಸ್ಪೀಟು, ರೇಡಿಯೋ. ರಾಜ್ಯದ ಭವಿಷ್ಯವನ್ನು ಹೊತ್ತವರು ಬನಿಯನ್ನಿನಲ್ಲಿ ಓಡಾಡುತ್ತಿದ್ದರು.

ಊಟಕ್ಕೆ ಒಳಗಿನ ಹಜಾರದಲ್ಲಿ ಎರಡು ಸಾಲು ಎಲೆ ಹಾಕಿದ್ದರು. ಮನ್ಮಥಪ್ಪ ಬಕೆಟು ಹಿಡಿದು ಸಾಲಿನ ತುದಿಯಿಂದ ಶುರು ಮಾಡಿದ. ಬಾಗಿದ ತಲೆ ಎತ್ತದೆ ಒಂದೊಂದು ಎಲೆಗೆ ಒಂದೊಂದು ಸೌಟು ಹಾಕುತ್ತ ಬಂದ. ನಡುವೆ ಒಂದು ಎಲೆಯ ಮುಂದಿನ ಕೈಯನ್ನು ನೋಡಿದ. ಬೆರಳಿನಲ್ಲಿ ದಪ್ಪ ಉಂಗುರಗಳು. ತಲೆ ಎತ್ತಿದರೆ ನಾನಾಸಾಹೇಬರು. ಅವರ ಪಕ್ಕದ ಎಲೆಯಲ್ಲಿ ಅನ್ನ ಕಲೆಸುತ್ತ, ಅವರು ಹೇಳಿದ ಯಾವುದೋ ಮಾತಿಗೆ ನಗುತ್ತ ಕೂತಿದ್ದವರು ವಕೀಲ್‌ಸಾಹೇಬರು.

ಮನ್ಮಥಪ್ಪನ ಕೈಯ ಸೌಟು ಅಲ್ಲೇ ನಿಂತಿತು. ಮುಂಬಯಿಯವರೆಗೂ ಕಾಯಬೇಕಾಗಲಿಲ್ಲ. ಪಂಕ್ತಿ ಇಲ್ಲೇ ಬಿದ್ದಿತ್ತು, ಬಡಿಸಿದವನು ತಾನೇ.

ವಕೀಲ್‌ಸಾಹೇಬರು ಮೇಲೆ ನೋಡಿದರು, ಗುರುತು ಹಿಡಿದರು. ಕಣ್ಣಲ್ಲಿ ಒಂದು ಕ್ಷಣ ನಾಚಿಕೆ ಸುಳಿದದ್ದು ಸುಳ್ಳಲ್ಲ. ಎಡಗೈಯಿಂದ ಹಿತ್ತಲ ಬಾಗಿಲ ಕಡೆ ಸನ್ನೆ ಮಾಡಿ, ಎಲೆ ಬಿಟ್ಟು ಎದ್ದು ಬಂದರು. ಹಿತ್ತಲಲ್ಲಿ ಅವರು ಮಾತಾಡಿದ ಮರಾಠಿ ಮೆತ್ತಗಿತ್ತು, ಸಮಾಧಾನದ್ದಾಗಿತ್ತು. "ಮನ್ಮಥಪ್ಪಾ, ನೀವು ಇಷ್ಟು ದೂರ ಬರಬಾರದಿತ್ತು. ಕೇಳಿ. ಹೊರಗೆ ಕೂತರೆ ನಾನು ಭಾಷಣ ಮಾಡಬಹುದು, ಅಷ್ಟೇ. ಒಳಗೆ ಹೋದರೆ ಆ ಹುಡುಗನ ಸಾವಿನ ಚೌಕಶಿ, ಸರ್ಕಾರಿ ತನಿಖೆ ಮಾಡಿಸಬಹುದು. ಆ ತಾಯಿಗೆ ಏನಾದರೂ ಸಿಗುವುದು ಯಾವುದರಿಂದ, ನೀವೇ ಹೇಳಿ."

"ಸಾಹೇಬ್, ನಾನು ಎತ್ತಿದ್ದೇನೆ. ನೀವು ಇವರ ಜೊತೆ ಕೂಡುವುದಿಲ್ಲ ಎಂದು ಆ ತಾಯಿಯ ಮುಂದೆ ಎತ್ತಿದ್ದೇನೆ."

"ಎತ್ತಿರೆಂದು ನಾನು ಹೇಳಿದ್ದೆನೇ?" ವಕೀಲ್‌ಸಾಹೇಬರ ದನಿಯಲ್ಲಿ ಕೋರ್ಟು ಬಂತು. "ಮತದಾರರಿಂದ ಎತ್ತಿಸಿ ಎಂದು ನಮ್ಮ ಹುಡುಗರು ಹೇಳಿದರು. ನಿಮ್ಮನ್ನು ಎತ್ತಲು ಹೇಳಿದವರು ಯಾರು?"

ಮನ್ಮಥಪ್ಪ ಹೆಗಲ ಟವೆಲು ತೆಗೆದು ಪಕ್ಕಕ್ಕಿಟ್ಟ. ಸೊಂಟದ ಗಂಟು ಬಿಚ್ಚಿದ. ಬಾಡಿದ ಬಿಲ್ವದೆಲೆ, ಅದರ ಮೇಲೆ ಭಂಡಾರ. ಎರಡೂ ಕೈಯಲ್ಲಿ ಮುಂದೆ ಹಿಡಿದ. "ನಾಳೆ ಶಿವರಾತ್ರಿ. ಇದನ್ನೊಂದು ಎತ್ತಿಬಿಡಿ ಸಾಹೇಬ್. ಇವರ ಜೊತೆ ಹೋಗುವುದಿಲ್ಲ ಅನ್ನಿ. ಇಲ್ಲ, ಹೋಗುತ್ತೇನೆ ಅಂತಲಾದರೂ ಎತ್ತಿ ಹೇಳಿ. ನಾನು ಹೋಗಿ ಅವಳಿಗೆ ಅದನ್ನೇ ಹೇಳುತ್ತೇನೆ."

ವಕೀಲ್‌ಸಾಹೇಬರು ಎಲೆಯನ್ನು ನೋಡಿದರು. ಬಲಗೈ ಅರ್ಧ ಮೇಲೆದ್ದಿತು. ಅದಕ್ಕೆ ಅನ್ನ, ಸಾಂಬಾರು ಮೆತ್ತಿಕೊಂಡಿತ್ತು. "ಕೈ ಎಂಜಲಾಗಿದೆ," ಅಂದರು. "ಎಂಜಲು ಕೈಯಲ್ಲಿ ಮುಟ್ಟಬಾರದು. ತೊಳೆದುಕೊಂಡು ಬಂದೆ, ನಿಲ್ಲಿ."

ಒಳಗೆ ಹೋದರು. ಮನ್ಮಥಪ್ಪ ನಿಂತ. ಬಿಸಿಲು ಅವನ ಕಾಲಿನಿಂದ ಎದೆಗೆ ಬಂತು. ಒಳಗೆ ಎಲೆ ಎತ್ತಿದರು, ಪಾತ್ರೆ ತೊಳೆದರು, ಮತ್ತೆ ಇಸ್ಪೀಟು ಶುರುವಾಯಿತು. ಕೊನೆಗೆ ಯಾರೋ ಒಬ್ಬ ಬಂದು, ಸಾಹೇಬರು ಮಲಗಿದ್ದಾರೆ, ನಿನ್ನದೇನು ಇಲ್ಲಿ ಎಂದು ಕೇಳಿದ. ಶೀನ ಓಡಿ ಬಂದು, "ನಮ್ಮ ಹೊಸ ಜನ, ಕಿವಿ ಸ್ವಲ್ಪ ಮಂದ," ಎಂದು ಸುಳ್ಳು ಹೇಳಿ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಗಾಡಿಯಲ್ಲಿ ಕೂತಮೇಲೂ ಮನ್ಮಥಪ್ಪನ ಕೈ ಚಾಚಿಯೇ ಇತ್ತು. ಕೈ ತೊಳೆಯಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು ಎಂದು ಶೀನನನ್ನು ಕೇಳಿದ. ಶೀನ ಗಾಡಿ ಶುರು ಮಾಡಿದ. ಪಾಪ, ಅವನು ತಾನೇ ಏನು ಹೇಳಿಯಾನು.

ಶಿವರಾತ್ರಿಯ ದಿನ ಊರಿಗೆ ಬಂದಾಗ ಸಂಗಮ್ಮ ಒಬ್ಬಳೇ ಅಂಗಡಿಯ ಗರ್ದಿಯಲ್ಲಿ ಒದ್ದಾಡುತ್ತಿದ್ದಳು. ಹೊಸ ಸರ್ಕಾರ ಬಂತು, ಹಳೆಯ ಪಕ್ಷದ ಎರಡೂ ಹೋಳುಗಳು ಕೂಡಿದವು, ಪಕ್ಷೇತರರು ಬೆಂಬಲ ಕೊಟ್ಟರು ಎಂದು ರೇಡಿಯೋ ಹೇಳುತ್ತಿತ್ತು. ಮನ್ಮಥಪ್ಪ ನೇರವಾಗಿ ಎದುರು ವಾಡೆಗೆ ಹೋದ. "ಕೂತಾರ ಅಕ್ಕಾ. ನಾನೇ ನೋಡಿ ಬಂದೀನಿ," ಅಂದ. ತಾನೇ ಬಡಿಸಿದ್ದನ್ನೂ ಹೇಳಿದ, ಮುಚ್ಚಿಡಲಿಲ್ಲ. ರುಕ್ಮಿಣಿಬಾಯಿ, "ನೀರು ಕುಡದು ಹೋಗು, ಬಿಸಲಾಗ ಬಂದಿ," ಅಂದಳು, ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಇಳಿಸಿಕೊಳ್ಳಿ ಎಂದು ಕೇಳಲು ನಾಲಿಗೆ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು?

ಅಂದಿನಿಂದ ಮನ್ಮಥಪ್ಪ ಬಲಗೈಯಿಂದ ಭಂಡಾರ ಮುಟ್ಟಲಿಲ್ಲ. ಗಿರಾಕಿ ಕೇಳಿದರೆ ಸಂಗಮ್ಮ ಬಂದು ತೂಗಬೇಕು. ಬೆಳಿಗ್ಗೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದ. ವಿಭೂತಿ ಧರಿಸಲು, ಪತ್ರೆ ಏರಿಸಲು ಬಲಗೈ ಏಳುತ್ತಿರಲಿಲ್ಲ. ಬರೀ ನೋಡಿ, ಮತ್ತೆ ಕರಡಿಗೆಯಲ್ಲಿಟ್ಟು ಏಳುತ್ತಿದ್ದ. ಗಲ್ಲಿಯವರು ಮಾತ್ರ ಒಂದು ವಾರದಲ್ಲಿ ಎಲ್ಲ ಮರೆತರು. "ರಾಜಕಾರಣ ಅಂದ್ರ ಹಂಗೇ ಇರ್ತದ್ರಿ, ನೀವ್ಯಾಕ ಮನಸಿಗಿ ಹಚ್ಚಿಕೊಳ್ತೀರಿ," ಎಂದು ಬುದ್ಧಿ ಹೇಳಿದರು. ಅವರೂ ಎತ್ತಿದ್ದರು, ಆದರೆ ಅವರು ಎತ್ತಿದ್ದು ಮತ ಹಾಕುತ್ತೇವೆ ಎಂದು. ಹಾಕಿದ್ದರು, ತೀರಿತು. ರೇವಣಪ್ಪನ ಚೌಕಶಿಯ ಸುದ್ದಿಯೇ ಇರಲಿಲ್ಲ. ಖಟ್ಲೆಯನ್ನು ವಕೀಲ್‌ಸಾಹೇಬರು ಯಾರೋ ಕಿರಿಯ ವಕೀಲರಿಗೆ ದಾಟಿಸಿದ್ದರು, ಆತ ತಾರೀಖಿನ ದಿನವೂ ಕೋರ್ಟಿಗೆ ಬರುತ್ತಿರಲಿಲ್ಲ.

ಆಷಾಢ ಏಕಾದಶಿ ಮುಗಿದ ಎರಡು ದಿನಕ್ಕೆ ಮುಂಬಯಿಯಲ್ಲಿ ಸರ್ಕಾರ ಬಿತ್ತು. ಆಳುವವರೊಳಗಿನ ಒಂದು ಗುಂಪು ಒಡೆದು ಹೊಸ ಪಕ್ಷದ ಜೊತೆ ಸೇರಿತು, ಬೇರೆ ಸರ್ಕಾರ ಏರಿತು. ವಕೀಲ್‌ಸಾಹೇಬರು ಹಳಬರನ್ನು ಬಿಟ್ಟು ಹೊರಬಂದಿದ್ದಾರೆ, ಉಪಮಂತ್ರಿ ಆಗಲಿದ್ದಾರೆ ಎಂದು ಪೇಪರಿನಲ್ಲಿ ಬಂತು. ಗಲ್ಲಿಯವರು ಹಾರ ಹಿಡಿದುಕೊಂಡು ನೇರ ಮನ್ಮಥಪ್ಪನ ಅಂಗಡಿಗೇ ಬಂದರು.

"ನಿಮ್ಮ ಭಂಡಾರ ಖರೇ ಆಯ್ತು ನೋಡ್ರಿ!" ಅಂದರು. "ಮೈಲಾರಲಿಂಗ ಬಿಡ್ತಾನೇನು? ಕಿವಿ ಹಿಂಡಿ ಹೊರಗ ಕರಕೊಂಡು ಬಂದಾನ!"

ಆ ದಿನ ಮನ್ಮಥಪ್ಪ ನಕ್ಕ. ಹೌದು, ನಕ್ಕ; ಸಂಗಮ್ಮ ಕಣ್ಣೊರೆಸಿಕೊಂಡಳು. ಮುಳುಗುವವನಿಗೆ ಕಾಲಿಗೆ ನೆಲ ಸಿಕ್ಕಂತಾಗಿತ್ತು. ವಕೀಲ್‌ಸಾಹೇಬರ ಮೆರವಣಿಗೆಗೆ ಬೇಕೆಂದು ಕಾರ್ಯಕರ್ತರು ಬಂದು ಅಂಗಡಿಯ ಭಂಡಾರವನ್ನೆಲ್ಲ ಚೀಲಗಟ್ಟಲೆ ಎತ್ತಿಕೊಂಡು ಹೋದರು. ಮೆರವಣಿಗೆ ಇದೇ ಗಲ್ಲಿಯಲ್ಲಿ ಹಾಯುವುದೆಂದೂ ಹೇಳಿದರು. ಮನ್ಮಥಪ್ಪ ಎದುರು ವಾಡೆಗೆ ಓಡಿದ.

"ಅಕ್ಕಾ, ಬಿಟ್ಟು ಬಂದಾರಂತ. ಅವರ ಪಂಕ್ತಿ ಬಿಟ್ಟು ಎದ್ದು ಬಂದಾರಂತ."

ರುಕ್ಮಿಣಿಬಾಯಿ ಜೋಳ ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಉಂಡು ಎದ್ದಾನಲ್ಲ ತಮ್ಮಾ," ಅಂದಳು.

ಇಳಿಹೊತ್ತಿಗೆ ಮೆರವಣಿಗೆ ಬಂತು. ಮಳೆ ನಿಂತು ಕೆಸರಾಗಿದ್ದ ಗಲ್ಲಿಯಲ್ಲಿ ಹಲಗೆ, ತುತ್ತೂರಿ, ಜೈಕಾರ. ಭಂಡಾರ ಮುಗಿಲಿಗೆ ಹಾರಿ ಮನೆ, ಜನ, ಎತ್ತು, ಎಲ್ಲ ಹಳದಿ. ರುಕ್ಮಿಣಿಬಾಯಿ ಹೊಸ್ತಿಲಿಗೆ ಬಂದು ನಿಂತಳು. ಮನ್ಮಥಪ್ಪ ಅವಳ ಪಕ್ಕದಲ್ಲಿ. ತೆರೆದ ಜೀಪಿನ ಮೇಲೆ ವಕೀಲ್‌ಸಾಹೇಬರು ನಿಂತಿದ್ದರು, ಕೊರಳ ತುಂಬ ಹಾರ. ಎಡಗೈಯನ್ನು ಪಕ್ಕದವರ ಹೆಗಲ ಮೇಲೆ ಹಾಕಿದ್ದರು. ಆ ಪಕ್ಕದವರು ನಾನಾಸಾಹೇಬರು.

ಒಡೆದು ಬಂದ ಗುಂಪಿನಲ್ಲಿ ಅವರೂ ಇದ್ದರಂತೆ. ಅವರಿಲ್ಲದೆ ಒಡೆಯುವುದೆಲ್ಲಿ ಬಂತು? ತುರ್ತುಪರಿಸ್ಥಿತಿಯ ಸರ್ಕಾರದಲ್ಲಿ ಅವರು, ಆಮೇಲಿನದರಲ್ಲಿ ಅವರು, ಇದರಲ್ಲೂ ಅವರೇ. ಉಂಗುರದ ಕೈಯಿಂದ ಭಂಡಾರವನ್ನು ಮುಷ್ಟಿ ಮುಷ್ಟಿ ತೆಗೆದು ಎರಚುತ್ತಿದ್ದರು. ಒಂದು ಮುಷ್ಟಿ ಹೊಸ್ತಿಲಿಗೆ ಬಂದು ರುಕ್ಮಿಣಿಬಾಯಿಯ ಬಿಳಿ ಸೀರೆಯ ಮೇಲೆ ಬಿತ್ತು. ಅವರು ಕೈಮುಗಿದರು. ಯಾರಿಗೆ ಮುಗಿಯುತ್ತಿದ್ದೇನೆ ಎಂಬುದೂ ಅವರಿಗೆ ತಿಳಿದಿರಲಿಲ್ಲ. ವಕೀಲ್‌ಸಾಹೇಬರಿಗೆ ತಿಳಿದಿತ್ತು, ಅವರು ಇನ್ನೊಂದು ಪಕ್ಕದ ಮನೆಗಳ ಕಡೆ ತಿರುಗಿದರು.

ಮೆರವಣಿಗೆ ದಾಟಿತು. ಗಲ್ಲಿಯವರು ಹಿಂದೆಯೇ ಹೋದರು. ಮನ್ಮಥಪ್ಪ ಅಂಗಡಿಗೆ ಹೋಗಿ ಹಿತ್ತಾಳೆ ತಟ್ಟೆ ತಂದ. ಭಂಡಾರ ಅಂಗಡಿಯಲ್ಲಿ ಉಳಿದಿರಲಿಲ್ಲ. ಹೊಸ್ತಿಲ ಮೇಲೆ ಬಿದ್ದದ್ದನ್ನೇ ಬೆರಳಿನಿಂದ ತೆಗೆದು ಬಿಲ್ವದೆಲೆಯ ಮೇಲೆ ಇಟ್ಟ. ಎಲೆಯನ್ನು ಬಲ ಅಂಗೈಗೆ ಹಾಕಿಕೊಂಡು ರುಕ್ಮಿಣಿಬಾಯಿಯ ಕಾಲ ಬಳಿ ಕೂತ.

"ಅಕ್ಕಾ, ನಾ ಸುಳ್ಳ ಆದೆ. ಇಳಿಸಿಕೊಳ್ರಿ," ಅಂದ. ಕಣ್ಣೀರು ತಡೆಯಲಿಲ್ಲ, ತಡೆಯಲು ಅವನು ನೋಡಲೂ ಇಲ್ಲ. "ನಿಮ್ಮ ಕಾಲಿಗಿ ಬೀಳ್ತೀನಿ. ಶಿವರಾತ್ರಿಲಿಂದ ಈ ಕೈ ಲಿಂಗಕ್ಕ ಮುಟ್ಟಿಲ್ಲ."

ರುಕ್ಮಿಣಿಬಾಯಿ ಅವನ ಎದುರಿಗೆ ಕೂತಳು. "ಇಷ್ಟು ದಿನ ಯಾಕ ಕೇಳಲಿಲ್ಲ ಹುಚ್ಚಾ?" ಅಂದಳು. ಹೊಟ್ಟೆಯೊಳಗಿನ ದನಿ. ಅವನ ಅಂಗೈಯಿಂದ ಬಿಲ್ವದೆಲೆಯನ್ನು ಎರಡು ಬೆರಳಿನಿಂದ ಎತ್ತಿ ತನ್ನ ಬಲಗೈಗೆ ತೆಗೆದುಕೊಂಡಳು. "ಇಳೀತು. ಹೋಗು, ನಿನ್ನ ಲಿಂಗಪೂಜಿ ನೀ ಮಾಡ್ಕೋ. ನಿಂದೇನು ತಪ್ಪಿಲ್ಲ. ನನ್ನ ಮಗನ ಸಲುವಾಗೇ ಎತ್ತಿದಿ."

ಮನ್ಮಥಪ್ಪನ ಕೈ ಹಗುರವಾಯಿತು. ಇಷ್ಟು ಸುಲಭವಿತ್ತೇ ಎಂದು ಅವನು ಅವಳ ಪಾದಕ್ಕೆ ಬಾಗಿ ಏಳುವಷ್ಟರಲ್ಲಿ, ಅದೇ ಎಲೆ, ಅದೇ ಭಂಡಾರ ಇದ್ದ ಅಂಗೈಯನ್ನು ಅವಳು ಅವನ ಮುಂದೆ ಚಾಚಿದಳು.

"ಈಗ ನಂದು ಇಳಿಸು."

"ನಿಮ್ಮದು ಯಾವುದಕ್ಕಾ?"

"ನಾನೂ ಎತ್ತಿದ್ದಿಲ್ಲೇನು ನಿನ್ನ ಮುಂದ? ತಕ್ಕಡಿಮ್ಯಾಲ ಶಿಕ್ಕಾ ಹೊಡೀತೀನಂತ ಎತ್ತಿದ್ದೆ. ಹೊಡದು ಬಂದೆ. ನನ್ನ ರೇವಣನ್ನ ತಿಂದವ್ನ ಕುರ್ಚಿಗಿ ಈ ಕೈಲೇ ನಾ ಮತಾ ಹಾಕಿದಂಗಾಯ್ತು." ದನಿ ಏರಲಿಲ್ಲ. "ನಿಂದು ಸುಳ್ಳ ಆಯ್ತು, ಅದಕ್ಕ ಇಳೀತು. ನಂದು ಖರೇ ಆಗ್ಯಾದ ತಮ್ಮಾ. ಖರೇ ಆದದ್ದು ಹ್ಯಾಂಗ ಇಳಸ್ತಿ, ಇಳಸು ನೋಡಮು."

ದೂರದಲ್ಲಿ ಹಲಗೆಯ ಸದ್ದು ಇನ್ನೂ ಕೇಳುತ್ತಿತ್ತು. ಮನ್ಮಥಪ್ಪ ಆ ಎಲೆಯನ್ನು ಮುಟ್ಟಲು ಕೈ ಮುಂದೆ ತಂದ, ಹಿಂದೆ ತೆಗೆದುಕೊಂಡ, ಮತ್ತೆ ತಂದ. ಅವಳ ಕೈಯಿಂದ ಅದನ್ನು ತೆಗೆದುಕೊಂಡರೂ ಇಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಎದುರಿನ ಅಂಗಡಿಯಲ್ಲಿ ಸಂಗಮ್ಮ ದೀಪ ಹಚ್ಚಿ, ಊಟಕ್ಕೆ ಬರ್ರಿ ಎಂದು ಕೂಗಿದಳು. ರುಕ್ಮಿಣಿಬಾಯಿ ಕೈ ಚಾಚಿಕೊಂಡೇ ಕೂತಿದ್ದಳು.